ಚಿತ್ರ ತೆಗೆದರೆ ಸಾಲದು

ನಮ್ಮ ನಾಡಿನಲ್ಲಿ ಸಮಾರಂಭಗಳಿಗೆ ಎಂದೂ ಕೊರತೆಯಿರಲಿಲ್ಲ. ಈಗ ಅವುಗಳ ಛಾಯಾಚಿತ್ರಗಳಿಗೂ ಕೊರತೆಯಿಲ್ಲದಂತಾಗಿದೆ. ಸಾಹಿತ್ಯ ಸಮ್ಮೇಳನವಾಗಲಿ, ಊರದೇವತೆಯ ರಥೋತ್ಸವವಾಗಲಿ, ರಾಜ್ಯೋತ್ಸವದ ಮೆರವಣಿಗೆಯಾಗಲಿ, ಶಾಲೆಯ ವಾರ್ಷಿಕೋತ್ಸವವಾಗಲಿ, ಅತಿಥಿಗಳು ದೀಪ ಬೆಳಗಲು ಕೈ ಚಾಚಿದ ಕೂಡಲೇ ವೇದಿಕೆಯ ಮುಂದೆ ಮೊಬೈಲುಗಳ ಸಾಲೊಂದು ಎದ್ದು ನಿಂತು, ಹಿಂದೆ ಕುಳಿತ ಸಭಿಕರಿಗೆ ದೀಪವೂ ಕಾಣದಂತೆ, ಬೆಳಗಿದವರೂ ಕಾಣದಂತೆ ಮಾಡಿಬಿಡುತ್ತದೆ. ಹೀಗಿದ್ದರೂ, ಹತ್ತು ವರ್ಷಗಳ ಹಿಂದೆ ಯಾವುದಾದರೊಂದು ತಾಲ್ಲೂಕಿನಲ್ಲಿ ನಡೆದ ಸಮ್ಮೇಳನದ ಒಂದು ಚಿತ್ರ ಬೇಕೆಂದು ಇಂದು ಹುಡುಕಹೊರಟವನಿಗೆ ಅದು ದೊರೆಯುವುದು ದುರ್ಲಭ. ದೊರೆತರೂ ಅದರಲ್ಲಿರುವವರು ಯಾರು, ಅದು ಯಾವ ದಿನದ್ದು, ತೆಗೆದವರಾರು, ಅಚ್ಚುಹಾಕಲು ಯಾರ ಅನುಮತಿ ಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳತಕ್ಕವರು ಸಿಕ್ಕುವುದಿಲ್ಲ. ಚಿತ್ರಗಳ ಸಮೃದ್ಧಿ, ದಾಖಲೆಗಳ ದಾರಿದ್ರ್ಯ: ಈ ಎರಡೂ ಏಕಕಾಲದಲ್ಲಿ ನಮ್ಮಲ್ಲಿ ನೆಲೆಸಿರುವುದಕ್ಕೆ ಕಾರಣವೇನೆಂದರೆ, ಚಿತ್ರ ತೆಗೆಯುವಲ್ಲಿಗೆ ಕೆಲಸ ಮುಗಿಯಿತೆಂದು ನಾವು ಭಾವಿಸಿರುವುದೇ. ಸಮಾರಂಭದ ಚಿತ್ರಗಳನ್ನು ಆರಿಸಿ, ಅವುಗಳ ವಿವರ ಬರೆದು, ಎಲ್ಲರಿಗೂ ತೆರೆದ ಭಂಡಾರವೊಂದಕ್ಕೆ ಸೇರಿಸುವ ಕಾರ್ಯವು ಆ ಸಮಾರಂಭದ ಒಂದು ಅಂಗವೆಂದೂ, ಅದು ನೆರವೇರುವವರೆಗೆ ಸಮಾರಂಭ ಮುಗಿಯಿತೆನ್ನಲಾಗದೆಂದೂ ನನ್ನ ಅಭಿಪ್ರಾಯ.

ಫಿಲಂ ಸುರುಳಿಯ ಕಾಲದಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಆಗ ಚಿತ್ರಗಳು ಕಡಮೆ, ವೆಚ್ಚ ಹೆಚ್ಚು. ಆದಕಾರಣ ತೆಗೆದ ಒಂದೊಂದಕ್ಕೂ ಮರ್ಯಾದೆಯಿತ್ತು. ಹಳೆಯ ಹೈಸ್ಕೂಲುಗಳ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಇಂದಿಗೂ ತೂಗುತ್ತಿರುವ ಗ್ರೂಪ್ ಫೋಟೋಗಳನ್ನು ನೋಡಿ: ದಪ್ಪ ರಟ್ಟಿಗೆ ಅಂಟಿಸಿದ ಚಿತ್ರದ ಮೇಲ್ಗಡೆ ಶಾಲೆಯ ಹೆಸರು ಮತ್ತು ವರ್ಷ, ಕೆಳಗಡೆ ‘ಕುಳಿತವರು, ಎಡದಿಂದ ಬಲಕ್ಕೆ’ ಎಂದು ಮೊದಲಾಗಿ ‘ನಿಂತವರು, ಹಿಂದಿನ ಸಾಲು’ ಎಂಬಲ್ಲಿಯವರೆಗೆ ಎಲ್ಲರ ಹೆಸರು, ಒಂದು ಮೂಲೆಯಲ್ಲಿ ಸ್ಟುಡಿಯೋದ ಮುದ್ರೆ. ಯಾರು, ಎಲ್ಲಿ, ಎಂದು, ತೆಗೆದವರಾರು ಎಂಬ ನಾಲ್ಕು ಪ್ರಶ್ನೆಗಳಿಗೂ ಆ ರಟ್ಟೇ ಉತ್ತರ ಕೊಡುತ್ತದೆ. ಚಿತ್ರದಲ್ಲಿರುವವರಲ್ಲಿ ಒಬ್ಬರೂ ಬದುಕಿಲ್ಲದಿದ್ದರೂ ಕೊಡುತ್ತದೆ. ಇಂದಿನ ಕ್ಯಾಮೆರಾ ಒಂದು ಸಂಜೆಯಲ್ಲಿ ಸಾವಿರ ಚಿತ್ರಗಳನ್ನು ತೆಗೆದುಕೊಟ್ಟರೂ ಒಂದಕ್ಕೂ ಆ ರಟ್ಟನ್ನು ಒದಗಿಸುವುದಿಲ್ಲ. ಅದು ಹೆಸರಾಗಿ ಕೊಡುವುದು ‘ಐಎಂಜಿ’ ಎಂಬ ಮೂರಕ್ಷರವನ್ನೂ ನಾಲ್ಕಂಕಿಯ ಸಂಖ್ಯೆಯೊಂದನ್ನೂ ಮಾತ್ರ. ಆ ಸಂಖ್ಯೆಯೂ 9999ನ್ನು ಮುಟ್ಟಿದ ಬಳಿಕ ಪುನಃ 0001ಕ್ಕೆ ಮರಳುವುದರಿಂದ, ಹೋದ ವರ್ಷದ ಜಾತ್ರೆಯೂ ಈ ವರ್ಷದ ಮದುವೆಯೂ ಒಂದೇ ಹೆಸರನ್ನು ಹೊತ್ತು ಬರುವುದು ಅಪರೂಪವೇನಲ್ಲ.

ಹೀಗೆ ಹೆಸರಿಲ್ಲದೆ ಹುಟ್ಟಿದ ಚಿತ್ರಗಳು ಹೋಗಿ ಸೇರುವುದೆಲ್ಲಿಗೆ? ಬಹುಪಾಲು ವಾಟ್ಸಾಪ್ ಗುಂಪುಗಳಿಗೆ. ಅಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರವು ಕುಗ್ಗಿ ಚಿಕ್ಕದಾಗುವುದಲ್ಲದೆ, ಕ್ಯಾಮೆರಾ ಅದರೊಳಗೆ ಅಡಗಿಸಿಟ್ಟಿದ್ದ ದಿನಾಂಕ, ವೇಳೆ, ಸ್ಥಳಗಳ ವಿವರವನ್ನೂ ಕಳೆದುಕೊಳ್ಳುತ್ತದೆ. ಇನ್ನು ಕಂಪೆನಿಗಳು ಉಚಿತವಾಗಿ ನೀಡುವ ಆಲ್ಬಮ್ಮುಗಳ ವಿಚಾರ. ಅವು ಬಾಡಿಗೆಯ ಮನೆಗಳು. ಮನೆಯೊಡೆಯ ತೆರವು ಮಾಡೆಂದ ದಿನ ಮಾಡಲೇಬೇಕು. ಒಂದು ಕಾಲಕ್ಕೆ ನಮ್ಮ ಕಾಲೇಜು ತರುಣರೆಲ್ಲರೂ ಚಿತ್ರಗಳನ್ನು ತುಂಬಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಬಾಗಿಲು ಮುಚ್ಚಿತು. ಪಿಕಾಸಾ 2016ರಲ್ಲಿ ನಿಂತುಹೋಯಿತು. ಗೂಗಲ್ ಪ್ಲಸ್ 2019ರ ಏಪ್ರಿಲಿನಲ್ಲಿ ಜನಸಾಮಾನ್ಯರ ಪಾಲಿಗೆ ಇಲ್ಲವಾಯಿತು. ಅದೇ ವರ್ಷ ಫ್ಲಿಕರ್ ತನ್ನ ಉಚಿತ ಖಾತೆಗಳಿಗೆ 1000 ಚಿತ್ರಗಳ ಮಿತಿಯನ್ನು ವಿಧಿಸಿತು. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿತು. ತಮ್ಮ ಆಸ್ತಿಯ ಮೇಲೆ ತಾವು ನಿಯಮ ಮಾಡಿದ ಆ ಕಂಪೆನಿಗಳನ್ನು ದೂಷಿಸಿ ಫಲವಿಲ್ಲ. ಊರಿನ ಸ್ಮೃತಿಯನ್ನು ಒಬ್ಬ ಕಾರ್ಯದರ್ಶಿಯ ಖಾಸಗಿ ಖಾತೆಯಲ್ಲಿಟ್ಟು, ಆತನು ಪಾಸ್‌ವರ್ಡ್ ಮರೆತ ದಿನ ಅದನ್ನೂ ಮರೆಯುವ ನಮ್ಮ ವ್ಯವಸ್ಥೆಯೇ ದೋಷಯುಕ್ತವಾದುದು.

ಈ ದೋಷಕ್ಕೆ ಪರಿಹಾರವಾಗಬಲ್ಲ ಭಂಡಾರವೊಂದು ಈಗಾಗಲೇ ಇದೆ. 2004ರ ಸೆಪ್ಟೆಂಬರ್ 7ರಂದು ಪ್ರಾರಂಭವಾದ ವಿಕಿಮೀಡಿಯ ಕಾಮನ್ಸ್ ಎಂಬ ಈ ಸಂಗ್ರಹದಲ್ಲಿ 2023ರ ವೇಳೆಗೆ ಹತ್ತು ಕೋಟಿ ಕಡತಗಳು ಸೇರಿದ್ದವು. ಇದರಲ್ಲಿ ಜಾಹೀರಾತಿಲ್ಲ, ಶುಲ್ಕವಿಲ್ಲ. ದಾನಿಗಳ ಹಣದಿಂದಲೂ ಸ್ವಯಂಸೇವಕರ ಶ್ರಮದಿಂದಲೂ ನಡೆಯುತ್ತದೆ. ಇಲ್ಲಿ ಒಮ್ಮೆ ಸೇರಿಸಿದ ಚಿತ್ರವನ್ನು 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ, 2016ರಲ್ಲಿ ಬಂದ ತುಳು ವಿಕಿಪೀಡಿಯವೂ, ಇಂಗ್ಲಿಷ್ ಮುಂತಾದ ಭಾಷೆಗಳವೂ ಮತ್ತೆ ಸೇರಿಸಿಕೊಳ್ಳುವ ಅಗತ್ಯವಿಲ್ಲದೆ ಬಳಸಬಹುದು. ಜಿಲ್ಲಾ ಪತ್ರಿಕೆಯ ಉಪಸಂಪಾದಕನೂ, ಪಠ್ಯಪುಸ್ತಕ ರಚಿಸುವವನೂ, ಅಮೆರಿಕದ ಕನ್ನಡ ಕೂಟದವರೂ ಬಳಸಬಹುದು. 2010ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿ 2012ರಲ್ಲಿ ಭಾರತಕ್ಕೂ ಬಂದ ‘ವಿಕಿ ಲವ್ಸ್ ಮಾನ್ಯುಮೆಂಟ್ಸ್’ ಎಂಬ ಸ್ಪರ್ಧೆಯಂಥ ಪ್ರಯತ್ನಗಳ ಫಲವಾಗಿ ಸ್ಮಾರಕಗಳ ಚಿತ್ರಗಳು ಈ ಭಂಡಾರಕ್ಕೆ ಧಾರಾಳವಾಗಿ ಬಂದಿವೆ. ಬೇಲೂರು, ಹಳೇಬೀಡು, ಹಂಪೆಗಳಿಗೆ ಅಲ್ಲಿ ಬಡತನವಿಲ್ಲ. ನಮ್ಮ ಸಭೆ ಸಮಾರಂಭಗಳ ಪಾಲಿಗೆ ಆ ಭಾಗ್ಯವಿನ್ನೂ ಬಂದಿಲ್ಲ.

ಆದರೆ ವಿಚಾರಿಸಿ ನೋಡಿದರೆ, ಸ್ಮಾರಕಗಳಿಗಿಂತ ಸಮಾರಂಭಗಳಿಗೇ ಈ ಶ್ರದ್ಧೆ ಹೆಚ್ಚು ಅವಶ್ಯಕ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರಲ್ಲಿ ಹಂಪೆಯ ಗುಡಿಗೋಪುರಗಳನ್ನು ಮೇಣ ಸವರಿದ ಕಾಗದದ ನೆಗೆಟಿವುಗಳ ಮೇಲೆ ಸೆರೆಹಿಡಿದನು. ನೂರಿಪ್ಪತ್ತೇಳು ವರ್ಷಗಳ ತರುವಾಯ, 1983ರಲ್ಲಿ, ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ತಾಣಗಳನ್ನೇ ಹುಡುಕಿ, ಅಲ್ಲಿಯೇ ನಿಂತು, ಅವೇ ದೃಶ್ಯಗಳನ್ನು ಮತ್ತೆ ತೆಗೆದನು. ಇದು ಸಾಧ್ಯವಾದದ್ದು ಕಲ್ಲು ನಿಂತಲ್ಲಿಯೇ ನಿಂತಿದ್ದುದರಿಂದ. ಚಿತ್ರದ ಬೆನ್ನಿನ ಮೇಲೆ ಒಂದಕ್ಷರವಿಲ್ಲದಿದ್ದರೂ ಕಲ್ಲಿನ ರಥವನ್ನು ಕಲ್ಲಿನ ರಥವೆಂದು ಗುರುತಿಸಲು ತೊಡಕಿಲ್ಲ. ಸಮ್ಮೇಳನದ ಚಪ್ಪರವಾದರೋ ಮರುದಿನವೇ ಬಿಚ್ಚಲ್ಪಡುತ್ತದೆ. ಮಹಾದ್ವಾರದ ಬಟ್ಟೆ ಸುರುಳಿಯಾಗಿ ಗೋದಾಮು ಸೇರುತ್ತದೆ. ಕವಿಗೋಷ್ಠಿಯಲ್ಲಿ ಮೂರನೆಯವರಾಗಿ ಓದಿದ ತರುಣಿ ಯಾರೆಂಬುದನ್ನು ಐದು ವರ್ಷಗಳ ಬಳಿಕ ಸಂಚಾಲಕರೇ ಹೇಳಲಾರರು. ಅಲ್ಲಿಗೆ ಮರಳಿ ಹೋಗಿ ತಾಳೆನೋಡಲು ಏನೂ ಉಳಿದಿರುವುದಿಲ್ಲ. ಆದುದರಿಂದ, ನಡೆದುಹೋದುದರ ಚಿತ್ರಕ್ಕೆ ಬರವಣಿಗೆಯ ಆಸರೆ ಬೇಕೇ ಬೇಕು.

ಈ ಬರವಣಿಗೆ ಘನವಾದ ವಿದ್ವತ್ತನ್ನೇನೂ ಬೇಡುವುದಿಲ್ಲ. ಸಮಾರಂಭ ಮುಗಿದ ವಾರದೊಳಗೆ, ಛಾಯಾಗ್ರಾಹಕರೆಲ್ಲರ ಮೂಲ ಕಡತಗಳನ್ನು ಪೆನ್‌ಡ್ರೈವಿನಲ್ಲಿ ಒಂದೆಡೆ ತರಿಸಿ (ವಾಟ್ಸಾಪ್ ಮೂಲಕವೇ ಬರಬೇಕಾದರೆ ಚಿತ್ರವಾಗಿಯಲ್ಲ, ಡಾಕ್ಯುಮೆಂಟಾಗಿ ಕಳುಹಿಸಲು ಹೇಳಿ), ದಿನಕ್ಕೊಂದು, ಗೋಷ್ಠಿಗೊಂದು ಫೋಲ್ಡರ್ ಮಾಡಬೇಕು. ಕ್ಯಾಮೆರಾದ ಗಡಿಯಾರ ಸರಿಯಿತ್ತೇ ಎಂಬುದನ್ನು ಕಾರ್ಯಕ್ರಮಪಟ್ಟಿಯೊಡನೆ ಹೋಲಿಸಿ ನೋಡಬೇಕು. ಅನಂತರದ್ದು ಆರಿಸುವ ಕೆಲಸ, ಇದೇ ಕಠಿನವಾದುದು. ಒಂದೇ ಶಾಲು ಹೊದಿಸುವ ಇಪ್ಪತ್ತು ಚಿತ್ರಗಳಲ್ಲಿ ಹತ್ತೊಂಬತ್ತನ್ನು ಬಿಡುವ ನಿರ್ದಾಕ್ಷಿಣ್ಯ ಇಲ್ಲದವನು ಈ ಕೆಲಸಕ್ಕೆ ಕೈಹಾಕಬಾರದು. ಆರಿಸಿದ ಒಂದೊಂದಕ್ಕೂ ಹೆಸರಿಡಬೇಕು. ಬರಿಯ ಸಂಖ್ಯೆಯ ಹೆಸರುಗಳನ್ನು ಕಾಮನ್ಸ್ ತಾನೇ ತಡೆಯುತ್ತದೆ, ಕನ್ನಡ ಲಿಪಿಯ ಹೆಸರುಗಳನ್ನು ನಿರಾತಂಕವಾಗಿ ಸ್ವೀಕರಿಸುತ್ತದೆ. ‘ಹಾವೇರಿ ಸಾಹಿತ್ಯ ಸಮ್ಮೇಳನ 2023, ಪುಸ್ತಕ ಮಳಿಗೆಗಳು’ ಎಂದು ಹೆಸರಿಟ್ಟು, ಕೆಳಗೆ ‘2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ ನಡೆದ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಪುಸ್ತಕ ಮಳಿಗೆಗಳ ಸಾಲು, ಎರಡನೆಯ ದಿನ ಮಧ್ಯಾಹ್ನ’ ಎಂದು ಬರೆದರೆ ಮುಗಿಯಿತು. ಇಷ್ಟಕ್ಕೆ ಒಂದು ನಿಮಿಷ ಸಾಕು. ಕೊನೆಗೆ ವರ್ಗವನ್ನು ಸೂಚಿಸಬೇಕು. ವರ್ಗವಿಲ್ಲದ ಚಿತ್ರ ಭಂಡಾರದೊಳಗಿದ್ದೂ ಕಳೆದುಹೋದಂತೆಯೇ. ಸಮ್ಮೇಳನಕ್ಕೊಂದು ವರ್ಗ, ಅದು ನಡೆದ ಊರಿನ ವರ್ಗ, ಚಿತ್ರದಲ್ಲಿರುವ ಸಾಹಿತಿಯ ಹೆಸರಿನ ವರ್ಗ, ಹೀಗೆ ಮೂರು ದಾರಿಗಳಿಂದ ಅದು ಕೈಗೆ ಸಿಗುವಂತಾಗಬೇಕು.

ಯಾವುದರ ಚಿತ್ರವನ್ನು ಉಳಿಸಬೇಕೆಂಬುದರಲ್ಲಿಯೂ ನಮ್ಮ ಅಭಿರುಚಿ ಸ್ವಲ್ಪ ತಿದ್ದಿಕೊಳ್ಳಬೇಕಾಗಿದೆ. ಈಗ ಉಳಿಯುತ್ತಿರುವುದು ಬಹುಮಟ್ಟಿಗೆ ವೇದಿಕೆ: ಪೇಟ, ಹಾರ, ಶಾಲು, ಫಲತಾಂಬೂಲದ ತಟ್ಟೆ, ಕ್ಯಾಮೆರಾದ ಕಡೆ ತಿರುಗಿದ ಮುಖಗಳು. ಇವೂ ಬೇಡವೆಂದಲ್ಲ. ಆದರೆ ಮುಂದಿನ ಕಾಲದ ಸಮಾಜಶಾಸ್ತ್ರಜ್ಞನಿಗೆ ಬೇಕಾಗುವುದು ಮಂತ್ರಿಗಳ ಮುಗುಳ್ನಗೆಗಿಂತ, ನೋಂದಣಿಯ ಮೇಜಿನ ಮುಂದಿನ ನೂಕುನುಗ್ಗಲು, ಹಂಡೆಗಳಲ್ಲಿ ಕುದಿಯುತ್ತಿರುವ ಸಾರು, ಪುಸ್ತಕದ ಬೆಲೆ ಕೇಳುತ್ತ ನಿಂತ ರೈತ, ತೇರಿನ ಗಾಲಿಗೆ ಕೊಡುವ ಗೊದ್ದವನ್ನು ಹೆಗಲಮೇಲೆ ಹೊತ್ತವರು, ಯಕ್ಷಗಾನದ ಚೌಕಿಯಲ್ಲಿ ದೀಪದ ಮುಂದೆ ಕುಳಿತು ಬಣ್ಣ ಬಳಿದುಕೊಳ್ಳುತ್ತಿರುವ ವೇಷಧಾರಿ. ಇವು ಸ್ಮರಣ ಸಂಚಿಕೆಯಲ್ಲಿ ಎಂದೂ ಸ್ಥಳ ಪಡೆಯದ ಸಂಗತಿಗಳು. ಆದಕಾರಣವೇ ಭಂಡಾರದಲ್ಲಿ ಪಡೆಯಬೇಕಾದವು. ಇಲ್ಲಿ ವಿವೇಕವೂ ಬೇಕು. ಚೌಕಿಗೆ ನುಗ್ಗುವ ಮುನ್ನ ಕಲಾವಿದನನ್ನು ಕೇಳಬೇಕು. ಭೂತಕೋಲದ ಚಿತ್ರ ತೆಗೆಯಕೂಡದೆಂದು ಊರವರು ಕಟ್ಟಳೆ ಮಾಡಿಕೊಂಡಿರುವೆಡೆ ಅದನ್ನು ಗೌರವಿಸಬೇಕು. ಮಕ್ಕಳ ಮುಖಗಳನ್ನು ಹೆಸರುಸಹಿತವಾಗಿ ಜಗತ್ತಿನ ಮುಂದಿಡುವ ಮೊದಲು ತಂದೆತಾಯಿಗಳ ಒಪ್ಪಿಗೆ ಪಡೆಯಬೇಕು.

ಇನ್ನು ಹಕ್ಕಿನ ಪ್ರಶ್ನೆ. ಒಳ್ಳೆಯ ಸಂಕಲ್ಪಗಳು ಬಹಳಷ್ಟು ಮುಗ್ಗರಿಸುವುದು ಇಲ್ಲಿಯೇ. 2012ರ ತಿದ್ದುಪಡಿಯ ಬಳಿಕ ನಮ್ಮ ದೇಶದಲ್ಲಿ ಛಾಯಾಚಿತ್ರದ ಕೃತಿಸ್ವಾಮ್ಯವು ತೆಗೆದವನ ಜೀವಿತಾವಧಿಯಲ್ಲಿಯೂ ಆತನ ಮರಣಾನಂತರ 60 ವರ್ಷಗಳ ಕಾಲವೂ ಊರ್ಜಿತವಾಗಿರುತ್ತದೆ. ಅಂದರೆ ಇಂದು ಇಪ್ಪತ್ತೈದರ ತರುಣನೊಬ್ಬ ತೆಗೆದ, ಅನುಮತಿಯ ಮಾತೇ ಬರೆಯದ ಚಿತ್ರವೊಂದು ಮುಂದಿನ ಶತಮಾನದವರೆಗೂ ನ್ಯಾಯವಾಗಿ ಯಾರೂ ಬಳಸಲಾರದ ವಸ್ತುವಾಗಿ ಉಳಿಯಬಹುದು. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದ ಪ್ರಕಾರ, ಹಣಕೊಟ್ಟು ತೆಗೆಯಿಸಿದ ಛಾಯಾಚಿತ್ರದ ಮೊದಲ ಒಡೆತನ, ಬೇರೆ ಕರಾರಿಲ್ಲದಿದ್ದರೆ, ತೆಗೆಯಿಸಿದವರದು; ಸ್ವಸಂತೋಷದಿಂದ ತೆಗೆದವರ ಚಿತ್ರ ಅವರದೇ. ಆದ್ದರಿಂದ ಸಂಘಟಕರು ತಾವು ಗೊತ್ತುಮಾಡಿದ ಛಾಯಾಗ್ರಾಹಕರೊಡನೆ ಕರಾರನ್ನು ಮೊದಲೇ ಕಾಗದದ ಮೇಲೆ ಸ್ಪಷ್ಟಪಡಿಸಿಕೊಳ್ಳಬೇಕು. ಅಭಿಮಾನದಿಂದ ತೆಗೆದವರನ್ನು ತಮ್ಮ ಖಾತೆಯಿಂದ ತಾವೇ ಅಪ್‌ಲೋಡ್ ಮಾಡುವಂತೆ ಪ್ರಾರ್ಥಿಸಬೇಕು. ಮತ್ತೊಬ್ಬರು ತೆಗೆದುದನ್ನು ‘ನನ್ನದು’ ಎಂದು ಸೇರಿಸುವುದು ಸುಳ್ಳು ಮಾತ್ರವಲ್ಲ, ವ್ಯರ್ಥವೂ ಹೌದು; ಕಾಮನ್ಸ್‌ನ ಸ್ವಯಂಸೇವಕರು ಅದನ್ನು ಪತ್ತೆಹಚ್ಚಿ ತೆಗೆದುಹಾಕುತ್ತಾರೆ. ಪುಸ್ತಕದ ಮುಖಪುಟವೊಂದನ್ನೇ ಹತ್ತಿರದಿಂದ ತೆಗೆದ ಚಿತ್ರಕ್ಕೂ ಅದೇ ಗತಿ, ಏಕೆಂದರೆ ಆ ಮುಖಪುಟದ ಹಕ್ಕು ಕಲಾವಿದನದೋ ಪ್ರಕಾಶಕನದೋ ಆಗಿರುತ್ತದೆ.

ಹೀಗೆ ಚಿತ್ರಗಳನ್ನು ಭಂಡಾರಕ್ಕೆ ಕೊಡುವುದಕ್ಕೆ ಛಾಯಾಗ್ರಾಹಕರಿಂದ ಬರತಕ್ಕ ಆಕ್ಷೇಪವೊಂದಿದೆ; ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಾಮನ್ಸ್ ಒಪ್ಪುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ವಾಣಿಜ್ಯಕ್ಕೂ ಬಳಸಲು ಅವಕಾಶ ಕೊಡತಕ್ಕವು. ಒಮ್ಮೆ ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಳ್ಳುವಂತೆಯೂ ಇಲ್ಲ. ‘ನಾನು ಬಿಸಿಲಲ್ಲಿ ನಿಂತು ತೆಗೆದ ಚಿತ್ರದಿಂದ ಇನ್ನಾರೋ ಕ್ಯಾಲೆಂಡರ್ ಮಾಡಿ ಮಾರಿದರೆ ನನಗೇನು ಬಂತು?’ ಎಂಬ ಅವರ ಪ್ರಶ್ನೆ ನ್ಯಾಯವಾದುದೇ. ಛಾಯಾಗ್ರಹಣದಿಂದಲೇ ಜೀವನ ಸಾಗಿಸುವವರು ತಮ್ಮ ಅತ್ಯುತ್ತಮ ಚಿತ್ರಗಳನ್ನು ಇಟ್ಟುಕೊಳ್ಳಲಿ, ಅದರಲ್ಲಿ ತಪ್ಪೇನಿಲ್ಲ. ಉಳಿದ ನೂರರಲ್ಲಿ ಹತ್ತನ್ನು ಕೊಟ್ಟರೂ ಸಾಕು. ಆ ಹತ್ತರ ಕೆಳಗೆ ಅವರ ಹೆಸರು ಇರಬೇಕಾದುದು ಪರವಾನಗಿಯ ನಿಬಂಧನೆಯೇ ಆಗಿದೆ. ವಾಟ್ಸಾಪ್‌ನಲ್ಲಿ ಹೆಸರಳಿದು ಊರೂರು ತಿರುಗುವ ಚಿತ್ರಕ್ಕಾದರೋ ಹಣವೂ ಇಲ್ಲ, ಹೆಸರೂ ಇಲ್ಲ.

ಸಂಘಟಕರು ಹೇಳುವ ನೆಪ ಇನ್ನೊಂದು: ‘ಇದಕ್ಕೆಲ್ಲ ಪುರುಸೊತ್ತೆಲ್ಲಿ?’ ಸ್ವಾಗತ ಸಮಿತಿ, ಮೆರವಣಿಗೆ ಸಮಿತಿ, ಊಟೋಪಚಾರ ಸಮಿತಿ, ವಸತಿ ಸಮಿತಿ, ಸ್ಮರಣ ಸಂಚಿಕೆ ಸಮಿತಿ ಎಂದು ಆಮಂತ್ರಣ ಪತ್ರಿಕೆಯ ಮೂರು ಪುಟಗಳನ್ನು ತುಂಬಬಲ್ಲವರಿಗೆ ಇನ್ನೊಂದು ಸಮಿತಿಗೆ ಇಬ್ಬರು ಸಿಗಲಾರರೆಂದರೆ ನಂಬುವುದು ಕಷ್ಟ. ಬೇಕಾದವರು ಇಬ್ಬರೇ: ಕಂಪ್ಯೂಟರ್ ಬಲ್ಲ ತರುಣ ಅಥವಾ ತರುಣಿ, ಮತ್ತು ಊರಿನವರ ಮುಖಗಳನ್ನು ಬಲ್ಲ ಹಿರಿಯರೊಬ್ಬರು. ಈ ಜೋಡಿಯಲ್ಲಿ ಎರಡನೆಯವರಿಗೇ ಬೆಲೆ ಹೆಚ್ಚು, ಏಕೆಂದರೆ ಅಪ್‌ಲೋಡ್ ಮಾಡುವ ಕ್ರಮವನ್ನು ಯಾವಾಗಲಾದರೂ ಕಲಿಯಬಹುದು, ಬಲದಿಂದ ನಾಲ್ಕನೆಯವರು ಯಾರೆಂಬುದನ್ನು ಆ ಹಿರಿಯರು ಇರುವವರೆಗೆ ಮಾತ್ರ ಕೇಳಬಹುದು.

1915ರಲ್ಲಿ ಬೆಂಗಳೂರಿನಲ್ಲಿ ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಆರಂಭವಾದ ಸಾಹಿತ್ಯ ಸಮ್ಮೇಳನಗಳ ಪರಂಪರೆ 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನ್ನು ಮುಟ್ಟಿತು. ಮುಂದಿನ ಸಮ್ಮೇಳನಗಳನ್ನು ನಡೆಸುವವರು, ಕನ್ನಡ ಸಾಹಿತ್ಯ ಪರಿಷತ್ತಿನ ಜಿಲ್ಲಾ ಮತ್ತು ತಾಲ್ಲೂಕು ಘಟಕಗಳವರು, ಜಾತ್ರಾ ಸಮಿತಿಗಳವರು, ಕಾಲೇಜುಗಳ ಪ್ರಾಂಶುಪಾಲರು ತಮ್ಮ ಸಮಿತಿಗಳ ಪಟ್ಟಿಗೆ ‘ಚಿತ್ರಸಂಗ್ರಹ’ ಎಂಬ ಒಂದು ಸಾಲನ್ನು ಸೇರಿಸಲಿ. ಸಮಾರೋಪವಾದ ಹದಿನೈದು ದಿನಗಳೊಳಗೆ ವಿವರಸಹಿತವಾದ ಐವತ್ತು ಚಿತ್ರಗಳು ಸಾರ್ವಜನಿಕ ಭಂಡಾರವನ್ನು ಸೇರಲೇಬೇಕೆಂಬ ನಿಯಮವನ್ನು ತಮಗೆ ತಾವೇ ವಿಧಿಸಿಕೊಳ್ಳಲಿ. ಆ ಕೆಲಸವಾದ ಮೇಲೆಯೇ ಲೆಕ್ಕಪತ್ರವನ್ನು ಮುಗಿಸಿ ವಂದನಾರ್ಪಣೆ ಹೇಳಲಿ.