ಸೆವಿಲ್ ಪಟ್ಟಣದಲ್ಲಿ ಮನೆ ರಿಪೇರಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ನಾವು ಎರಡನ್ನೂ ಮಾಡಿ ನೋಡಿದವರು. ಅವುಗಳ ಸಾಲವನ್ನೂ ತೀರಿಸಿದವರು. ಆದರೆ ಮಗಳು ಪರದೇಶದಲ್ಲಿ ಕೊಂಡ ಹಳೆಯ ಮನೆಯನ್ನು, ಅಲ್ಲಿಯ ಭಾಷೆಯನ್ನರಿಯದ ಮುದುಕರಿಬ್ಬರು ನಿಂತು ರಿಪೇರಿ ಮಾಡಿಸುವ ವಿಷಯದಲ್ಲಿ ಹಿರಿಯರು ಏನನ್ನೂ ಹೇಳಿದಂತಿಲ್ಲ. 2025ನೆಯ ಇಸವಿಯ ಮಾರ್ಚಿ ತಿಂಗಳಿಂದ ಮೇ ತಿಂಗಳ ಕೊನೆಯವರೆಗೆ ನಮಗೆ ಒದಗಿದ ಆ ಅನುಭವವನ್ನು ಈ ಸಲ ವಾಚಕರ ಮುಂದಿಡುತ್ತೇವೆ. ಮಕ್ಕಳು ಹೊರದೇಶಗಳಲ್ಲಿ ಮನೆ ಮಾಡಿಕೊಂಡಿರುವ ಗೃಹಸ್ಥರು ಈಗ ನಮ್ಮಲ್ಲಿ ಕೆಲವರಾದರೂ ಇರುವುದರಿಂದ, ಇದನ್ನು ಬರಿಯ ಪ್ರವಾಸದ ಹರಟೆಯೆಂದು ಅವರು ಪುಟ ಮಗುಚಲಾರರೆಂದು ನಂಬುತ್ತೇವೆ.

ಸೆವಿಲ್ ಎಂಬುದು ಸ್ಪೇನ್ ದೇಶದ ದಕ್ಷಿಣ ಭಾಗದಲ್ಲಿ, ಗ್ವಾದಲ್ಕಿವಿರ್ ನದಿಯ ದಡದಲ್ಲಿರುವ ಪುರಾತನ ಪಟ್ಟಣ. ಆಂದಲೂಸಿಯ ಪ್ರಾಂತದ ರಾಜಧಾನಿ. ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗಳೂ ಅಳಿಯನೂ, ಮುಂದೆ ಅಲ್ಲಿಯೇ ನೆಲಸುವ ಆಸೆಯಿಂದ, ಊರಿನ ಹಳೆಯ ಕೇರಿಯೊಂದರಲ್ಲಿ ಮೂರಂತಸ್ತಿನ ಕಟ್ಟಡದ ನೆಲದ ಅಂತಸ್ತಿನಲ್ಲಿರುವ ವಾಸವನ್ನು ಕ್ರಯಕ್ಕೆ ಪಡೆದರು. ಕಟ್ಟಡದಲ್ಲಿ ಒಟ್ಟು ಆರು ವಾಸಗಳು, ಆರು ಮಂದಿ ಒಡೆಯರು. ರಿಪೇರಿಗೆ ನಿಲ್ಲಲು ಅವರಿಬ್ಬರಿಗೂ ರಜೆಯಿಲ್ಲ. “ಅಪ್ಪ, ನೀವು ನಿವೃತ್ತರಾಗಿದ್ದೀರಿ, ಮೇಸ್ತ್ರಿಗಳನ್ನು ಗದರಿಸಿ ನಿಮಗೆ ಅಭ್ಯಾಸವೂ ಇದೆ” ಎಂದು ಮಗಳು ನಮ್ಮನ್ನು ಹೊರಡಿಸಿದಳು. ನಮ್ಮಂಥ ಪ್ರವಾಸಿಗಳಿಗೆ ಅಲ್ಲಿ ಒಮ್ಮೆಗೆ 90 ದಿನಗಳಿಗಿಂತ ಹೆಚ್ಚಾಗಿ ಇರಲು ಅಪ್ಪಣೆಯಿಲ್ಲ. ಆ 90 ದಿನಗಳೊಳಗೆ ಮನೆ ಸಿದ್ಧವಾಗತಕ್ಕದ್ದು ಎಂಬುದು ಮಕ್ಕಳ ಲೆಕ್ಕಾಚಾರ.

ಕ್ರಯದ ವಿಚಾರವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇವೆ. ಹೊರದೇಶದವರು ಅಲ್ಲಿ ಮನೆ ಕೊಳ್ಳಲು ಅಡ್ಡಿಯಿಲ್ಲ. ಆದರೆ ಸರ್ಕಾರದಿಂದ ವಿದೇಶೀಯರ ಗುರುತಿನ ಸಂಖ್ಯೆಯೊಂದನ್ನು ಪಡೆಯಬೇಕು. ಪತ್ರವು ನೋಟರಿಯ ಮುಂದೆ ಆಗುವುದು, ತರುವಾಯ ರಿಜಿಸ್ಟರಾಗುವುದು. ಹಳೆಯ ಮನೆಗೆ ಆಂದಲೂಸಿಯದಲ್ಲಿ 2021ರಿಂದ ಕ್ರಯದ ಮೇಲೆ ನೂರಕ್ಕೆ 7ರಂತೆ ವರ್ಗಾವಣೆಯ ತೆರಿಗೆಯುಂಟು. ಐದು ಲಕ್ಷ ಯೂರೋಗಳ ಆಸ್ತಿ ಕೊಂಡವರಿಗೆ ವಾಸದ ಹಕ್ಕು ಕೊಡುವ ಏರ್ಪಾಡು 2013ರಲ್ಲಿ ಆಗಿದ್ದಿತು. ನಾವು ಅಲ್ಲಿದ್ದಾಗಲೇ, 2025ರ ಏಪ್ರಿಲ್ 3ರಂದು, ಅದು ರದ್ದಾಯಿತು. ಮಕ್ಕಳ ಮನೆ ಆ ಮೊತ್ತದ್ದಲ್ಲವಾದುದರಿಂದ ಅವರಿಗೆ ಲಾಭವೂ ಇರಲಿಲ್ಲ, ನಷ್ಟವೂ ಆಗಲಿಲ್ಲ. ಆ ದೇಶದಲ್ಲಿ ವಾಸಿಸದ ಒಡೆಯನು, ಮನೆಯನ್ನು ಸುಮ್ಮನೆ ಬೀಗ ಹಾಕಿಟ್ಟರೂ, ಅದರಿಂದ ಇಷ್ಟು ಆದಾಯ ಬಂದಂತೆ ಭಾವಿಸಿ ವರ್ಷ ವರ್ಷವೂ ತೆರಿಗೆ ತೆರಬೇಕು. ಬಾರದ ಬಾಡಿಗೆಗೂ ತೆರಿಗೆಯೇ ಎಂದು ನಮ್ಮ ಮನೆಯವರು ಮೂಗಿನ ಮೇಲೆ ಬೆರಳಿಟ್ಟರು.

ಇನ್ನು ಮನೆ. ಇಕ್ಕಟ್ಟಾದ ಓಣಿ, ದಪ್ಪ ಬಾಗಿಲು, ಒಳಗೆ ನಡುವೆ ಆಕಾಶಕ್ಕೆ ತೆರೆದ ಒಂದು ಸಣ್ಣ ಅಂಗಳ. ಗೋಡೆಗಳಿಗೆ ಸೊಂಟದೆತ್ತರದವರೆಗೆ ಬಣ್ಣದ ಹೆಂಚಿನ ಬಿಲ್ಲೆಗಳನ್ನು ಹೊದಿಸಿದ್ದಾರೆ. ಸುತ್ತಲೂ ಹೂವಿನ ಕುಂಡಗಳು. ಸೆವಿಲ್‌ನಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದುಂಟು. ಓಣಿ ಉರಿಯುತ್ತಿರುವಾಗಲೂ ಇಂಥ ಅಂಗಳಗಳು ತಂಪಾಗಿರುವುವು. “ಇದು ನಮ್ಮ ತೊಟ್ಟಿಯ ಮನೆಯೇ” ಎಂದು ನಮ್ಮ ಮನೆಯವರು ಹೊಸ್ತಿಲು ದಾಟುತ್ತಲೇ ಹೇಳಿದರು. ಮಗಳು ಈ ಮನೆಗೆ ಮನಸೋತದ್ದೂ ಈ ಅಂಗಳಕ್ಕಾಗಿಯೇ. ಅಡುಗೆಯ ಮನೆಯ ಒಂದೇ ಕಿಟಕಿ ಅದಕ್ಕೆ ತೆರೆಯುತ್ತಿದ್ದಿತು.

ಕೆಲಸಕ್ಕೆ ಬಂದ ಹಿರಿಯನನ್ನು ಜನರು ‘ಮಾಯೆಸ್ತ್ರೊ’ ಎಂದು ಕರೆಯುತ್ತಿದ್ದರು. ನಮ್ಮ ಮೇಸ್ತ್ರಿ ಎಂಬ ಮಾತು ಪೋರ್ತುಗೀಜರಿಂದ ಬಂದುದು; ಇದು ಅದರ ಅಕ್ಕನ ಮಗ. ಹಾಗೆಯೇ ನಮ್ಮ ಅಲಮಾರು ಅಲ್ಲಿ ‘ಅರ್ಮಾರಿಯೊ’; ನಮ್ಮ ಬಾಲ್ದಿ ‘ಬಾಲ್ದೆ’. ಈ ಮೂರು ಶಬ್ದಗಳಿಂದಲೂ ಕೈಯಲ್ಲಿನ ಫೋನು ಮಾಡುತ್ತಿದ್ದ ಭಾಷಾಂತರದಿಂದಲೂ ನಾವು ಮೂರು ತಿಂಗಳ ವ್ಯವಹಾರವನ್ನು ನಡೆಸಿದೆವು. ಗದರಿಸುವ ಪ್ರಸಂಗ ಬರಲಿಲ್ಲ. ಆತನೇ ನಮಗೆ ಪಾಠ ಹೇಳಿದನು.

ಆ ಪಾಠ ಗೋಡೆಯ ತೇವವನ್ನು ಕುರಿತದ್ದು. ಹಳೆಯ ಇಟ್ಟಿಗೆಯ ಗೋಡೆಗಳು ನೆಲದಿಂದ ನೀರನ್ನು ಬತ್ತಿಯಂತೆ ಮೇಲಕ್ಕೆ ಹೀರುತ್ತವೆ. ಹಿಂದಿನ ಒಡೆಯರು ತೇವವನ್ನು ಮರೆಮಾಡುವ ಸಲುವಾಗಿ ಸಿಮೆಂಟು ಮೆತ್ತಿಸಿದ್ದರು. ಸಿಮೆಂಟು ನೀರನ್ನು ಆರಗೊಡದೆ ಒಳಗೇ ಹಿಡಿದಿಟ್ಟಿತು. ನೀರು ದಾರಿ ಕಾಣದೆ ಇನ್ನೂ ಮೇಲಕ್ಕೇರಿ, ಉಪ್ಪು ಹೂತು, ಬಣ್ಣವೆಲ್ಲ ಹಪ್ಪಳದಂತೆ ಎದ್ದಿದ್ದಿತು. ಮಾಯೆಸ್ತ್ರೊ ಅಷ್ಟನ್ನೂ ಕೆತ್ತಿಸಿ, ಗೋಡೆಯನ್ನು ವಾರಗಟ್ಟಲೆ ಬರಿಮೈಯಲ್ಲಿ ಒಣಗಲು ಬಿಟ್ಟು, ಸುಣ್ಣದ ಗಾರೆಯನ್ನೇ ಹಚ್ಚಿದನು. ಸುಣ್ಣ ಉಸಿರಾಡುವುದು, ತೇವವನ್ನು ಹೊರಕ್ಕೆ ಬಿಟ್ಟುಕೊಡುವುದು. ಆ ಸೀಮೆಯಲ್ಲಿ ಮೊರೋನ್ ದೆ ಲಾ ಫ್ರೊಂತೆರಾ ಎಂಬ ಊರಿನ ಸುಣ್ಣಕ್ಕೆ ಬಹಳ ಹೆಸರು. ಅಲ್ಲಿಯ ಕುಶಲಿಗಳು ಸುಣ್ಣ ಸುಡುವ ವಿದ್ಯೆಯನ್ನು ಉಳಿಸಿಕೊಂಡು ಬಂದ ರೀತಿಯನ್ನು 2011ರಲ್ಲಿ ಯುನೆಸ್ಕೊ ಸಂಸ್ಥೆಯವರು ಮಾದರಿಯೆಂದು ತಮ್ಮ ಪಟ್ಟಿಯಲ್ಲಿ ಸೇರಿಸಿದ್ದಾರೆ. ನಮ್ಮ ತಾತನವರ ಮನೆಯ ಸುಣ್ಣವನ್ನು ಕೆತ್ತಿಸಿ ಸಿಮೆಂಟು ಬಳಿಸಿದವರು ನಾವೇ. ಅದನ್ನು ಮಾಯೆಸ್ತ್ರೊಗೆ ತಿಳಿಸಲಿಲ್ಲ.

ನೆಲ ಅಗೆಯುವುದೂ ಅಲ್ಲಿ ಸುಲಭವಲ್ಲ. ಊರಿನ ಕೆಳಗೆ ರೋಮನರ ಊರೊಂದು ಮಲಗಿದೆ. ಎನ್‌ಕರ್ನಾಸಿಯೊನ್ ಎಂಬ ಚೌಕದಲ್ಲಿ ವಾಹನಗಳನ್ನು ನಿಲ್ಲಿಸಲು ನೆಲಮಾಳಿಗೆ ತೋಡಹೋಗಿ ಅವರ ಮನೆಗಳ ಅವಶೇಷಗಳು ದೊರೆತವು. ಈಗ ಅಲ್ಲಿ ನೆಲದಡಿಯಲ್ಲಿ ವಸ್ತು ಪ್ರದರ್ಶನಾಲಯವಿದೆ. ಆದುದರಿಂದ ಮೋರಿಯ ಕೊಳವೆಯನ್ನು ಹಳೆಯ ದಾರಿಯಲ್ಲಿಯೇ, ಆಳಕ್ಕೆ ಹೋಗದೆ ಬದಲಾಯಿಸಿದರು.

ಖರ್ಚಿನ ವಿಷಯದಲ್ಲಿ ಗೃಹಸ್ಥರು ತಿಳಿಯತಕ್ಕ ಒಂದು ಸೂಕ್ಷ್ಮವುಂಟು. ಅಲ್ಲಿ ಸಾಮಾನ್ಯವಾದ ಮಾರಾಟ ತೆರಿಗೆ ನೂರಕ್ಕೆ 21. ಆದರೆ ಸ್ವಂತ ವಾಸದ ಹಳೆಯ ಮನೆಯ ರಿಪೇರಿಗೆ ನೂರಕ್ಕೆ 10 ಮಾತ್ರ. ಕಂಟ್ರಾಕ್ಟುದಾರನು ತಾನೇ ತಂದು ಹಾಕುವ ಸಾಮಾನಿನ ಬೆಲೆ ಕೆಲಸದ ಮೊತ್ತದಲ್ಲಿ ನೂರಕ್ಕೆ 40ನ್ನು ಮೀರಕೂಡದು. ಮೀರಿದರೆ ಅಷ್ಟಕ್ಕೂ 21. ಅದಕ್ಕಾಗಿ ಬೆಲೆಯುಳ್ಳ ಬಿಲ್ಲೆಗಳನ್ನು ಒಡೆಯರು ತಾವೇ ಅಂಗಡಿಯಿಂದ ತರಿಸುವುದುಂಟು. ನದಿಯ ಆಚೆಯ ದಡದ ತ್ರಿಯಾನ ಕೇರಿ ಇಂಥ ಬಿಲ್ಲೆಗಳಿಗೆ ಹೆಸರಾದುದು. ಮಗಳು ಅಡುಗೆಯ ಮನೆಗೆಂದು ಅಲ್ಲಿ ನೀಲಿ ಬಳ್ಳಿಯ ಮಾದರಿಯೊಂದನ್ನು ಆರಿಸಿಟ್ಟಿದ್ದಳು.

ಏಪ್ರಿಲ್ ತಿಂಗಳ ನಡುವೆ ಕ್ರೈಸ್ತರ ಪವಿತ್ರ ವಾರ ಬಂದಿತು. ಹೆಗಲ ಮೇಲೆ ಹೊತ್ತ ಉತ್ಸವಮೂರ್ತಿಗಳು ಇಕ್ಕಟ್ಟಾದ ಓಣಿಗಳಲ್ಲೇ ಹಾದುಹೋಗುವುದರಿಂದ, ನಮ್ಮ ಬಾಗಿಲಿನ ಮುಂದಿನ ಮಣ್ಣಿನ ಮೂಟೆಗಳನ್ನು ಎತ್ತಿಸಿದರು. ಎಂಟು ದಿನ ಕೆಲಸವಿಲ್ಲ. ಮೇ ತಿಂಗಳಲ್ಲಿ ಊರಿನ ದೊಡ್ಡ ಜಾತ್ರೆ, ಮತ್ತೆ ಕೆಲಸವಿಲ್ಲ. ನಮ್ಮ ಊರಿನಲ್ಲಿ ದೀಪಾವಳಿಗೆ ಗಾರೆಯವರು ಬಾರದಿದ್ದರೆ ನಾವೇನು ಮಾಡುತ್ತೇವೆಯೋ ಅಲ್ಲಿಯೂ ಅದನ್ನೇ ಮಾಡಿದೆವು: ಗೊಣಗುತ್ತ ಉತ್ಸವ ನೋಡಿದೆವು.

ಆ ಬಿಡುವಿನಲ್ಲಿಯೇ ನಾವು ಮೆಟ್ಟಲ ಬಳಿಯ ಹಲಗೆಯ ಮೇಲೆ ಅಂಟಿಸಿದ್ದ ಕಾಗದವನ್ನು ಕಂಡದ್ದು. ಮೊದಲು ಅದನ್ನು ಕಸ ಗುಡಿಸುವ ಸರದಿಯ ಪಟ್ಟಿಯೆಂದು ಭಾವಿಸಿದ್ದೆವು. ಫೋನು ಓದಿ ಹೇಳಿದಾಗ ಎದೆ ಧಸಕ್ಕೆಂದಿತು. ಕಟ್ಟಡಕ್ಕೆ ಲಿಫ್ಟು ಹಾಕಿಸಬೇಕೆಂದೂ, ಅದು ಅಂಗಳದಲ್ಲಿ, ನಮ್ಮ ಅಡುಗೆಯ ಮನೆಯ ಕಿಟಕಿಯ ಎದುರಿಗೇ ಏಳತಕ್ಕದ್ದೆಂದೂ ಒಡೆಯರ ಸಭೆಯಲ್ಲಿ ಮಾತಾಗಿದ್ದಿತು.

ಅಂಥ ಕಟ್ಟಡಗಳನ್ನು ಆಳುವುದು 1960ನೆಯ ಇಸವಿಯ ಕಾನೂನು. ಅದರಂತೆ ವಾಸದ ಒಳಭಾಗ ಮಾತ್ರ ಒಡೆಯನದು; ಹೊರಗೋಡೆ, ತೊಲೆ, ಮೆಟ್ಟಲು, ಅಂಗಳ ಇವೆಲ್ಲ ಆರು ಮಂದಿಗೂ ಸೇರಿದುವು. ಒಳಗೆ ರಿಪೇರಿ ಮಾಡುವುದಿದ್ದರೂ ಮೊದಲು ಸಂಘಕ್ಕೆ ತಿಳಿಸಬೇಕು. ಕಟ್ಟಡದ ಭದ್ರತೆಗಾಗಲಿ ಪಕ್ಕದವರ ಹಕ್ಕಿಗಾಗಲಿ ಕುಂದು ಬರಕೂಡದು. ಹೊರದೇಶದಲ್ಲಿರುವ ಒಡೆಯನು ನೋಟೀಸು ತಲಪಲು ಸ್ಪೇನಿನಲ್ಲಿ ಒಂದು ವಿಳಾಸವನ್ನು ಕೊಟ್ಟಿರಬೇಕು. ಕೊಡದಿದ್ದರೆ ನೋಟೀಸು ಅವನ ವಾಸಕ್ಕೇ ಬರುವುದು. ಅಲ್ಲಿಯೂ ತಲಪಿಸಲಾಗದಿದ್ದಲ್ಲಿ ಹಲಗೆಯ ಮೇಲೆ ಮೂರು ದಿನ ಅಂಟಿಸಿದರೆ ತಿಳಿಸಿದಂತೆಯೇ ಸರಿ. ನಮ್ಮ ಮಕ್ಕಳು ವಿಳಾಸ ಕೊಟ್ಟಿರಲಿಲ್ಲ. ಮಾರ್ಚಿಯಲ್ಲಿ ಆ ಬಾಗಿಲಲ್ಲಿ ಸಿಮೆಂಟಿನ ಧೂಳಲ್ಲದೆ ಬೇರೆ ಯಾರೂ ಇರುತ್ತಿರಲಿಲ್ಲ. ನಾವಿಬ್ಬರೂ ಬೇರೊಂದು ಕೊಠಡಿಯಲ್ಲಿ ಬಿಡಾರ ಮಾಡಿದ್ದೆವು.

ಸಭೆಯಲ್ಲಿ ಮೂವರು ಬೇಕೆಂದಿದ್ದರು, ಇಬ್ಬರು ಬೇಡವೆಂದಿದ್ದರು. ಲಿಫ್ಟಿಗೆ ಎಲ್ಲ ಒಡೆಯರಲ್ಲಿ ಹೆಚ್ಚಿನ ಪಾಲಿನವರು ಒಪ್ಪಬೇಕು. ಆರರಲ್ಲಿ ಮೂರು ಸಾಲದು. ಆದರೆ ಸಭೆಗೆ ಬಾರದ ಒಡೆಯನು ತೀರ್ಮಾನವನ್ನು ತಿಳಿಸಿದ ಮೇಲೆ 30 ದಿನಗಳೊಳಗೆ ವಿರೋಧವನ್ನು ಬರೆದು ತಿಳಿಸದಿದ್ದರೆ, ಅವನ ಮತವು ಒಪ್ಪಿಗೆಯೆಂದು ಲೆಕ್ಕವಾಗುವುದು. ಆ ಆರನೆಯ ಒಡತಿ ನಮ್ಮ ಮಗಳು. ಗಡುವು ಮೇ ತಿಂಗಳ ಎರಡನೆಯ ವಾರಕ್ಕೆ ಮುಗಿಯುತ್ತಿತ್ತು.

“ನೆಲದ ಮೇಲಿರುವ ನಮಗೆ ಲಿಫ್ಟೇಕೆ ಅಪ್ಪ? ನಮ್ಮ ಬೆಳಕನ್ನು ಕಿತ್ತುಕೊಂಡು ಅದಕ್ಕೆ ನಮ್ಮಿಂದಲೇ ಹಣ ಕೇಳುತ್ತಾರೆಯೇ?” ಎಂದು ಮಗಳು ಫೋನಿನಲ್ಲಿ ಅತ್ತಳು. ವಿರೋಧದ ಪತ್ರವನ್ನು ಬರೆದುಬಿಡೆಂದು ನಾವೇ ಹೇಳಿದೆವು. ಅದನ್ನು ಮುಚ್ಚಿಡುವುದಿಲ್ಲ.

ಲಿಫ್ಟು ಕೇಳಿದವರು ಎರಡನೆಯ ಮಾಳಿಗೆಯ, 84 ವರ್ಷದ ಅಜ್ಜಿಯೊಬ್ಬರು. 70 ದಾಟಿದವರು ಕೇಳಿದಲ್ಲಿ, ವರ್ಷಕ್ಕೆ ಬೀಳುವ ಪಾಲು ಹನ್ನೆರಡು ತಿಂಗಳ ಸಾಮಾನ್ಯ ವಂತಿಗೆಯನ್ನು ಮೀರದಿದ್ದರೆ ಸಂಘವು ಮತವಿಲ್ಲದೆಯೇ ಮಾಡಿಸಿಕೊಡಬೇಕೆಂದು ಕಾನೂನಿದೆ. ಇಲ್ಲಿ ಖರ್ಚು ಅದನ್ನು ಮೀರುತ್ತಿತ್ತು. ಮತ ಬೀಳದಿದ್ದರೆ ಹೆಚ್ಚಿನದನ್ನು ಕೇಳಿದವರೇ ಕೊಡಬೇಕು. ಪಿಂಚಣಿಯಿಂದ ಬದುಕುವ ಆಕೆಗೆ ಅದು ಆಗದ ಮಾತು.

ಏಪ್ರಿಲ್ 28, ಸೋಮವಾರ. ಮಧ್ಯಾಹ್ನ ಹನ್ನೆರಡೂವರೆಗೆ ಸ್ಪೇನ್ ಪೋರ್ತುಗಲ್ ಎರಡೂ ದೇಶಗಳಲ್ಲಿ ವಿದ್ಯುತ್ತು ಒಮ್ಮೆಗೇ ನಿಂತುಹೋಯಿತು. ಯಂತ್ರಗಳು ನಿಂತುವು; ಮಾಯೆಸ್ತ್ರೊ ಹಿಡಿದಿದ್ದ ಗಾರೆಯ ಕೆಲಸವನ್ನು ಮುಗಿಸಿ ಮನೆಗೆ ನಡೆದನು. ಫೋನೂ ಸತ್ತಿತು, ಅದರೊಡನೆ ನಮ್ಮ ಭಾಷೆಯೂ. ಬಿಡಾರದ ವಿದ್ಯುತ್ ಒಲೆಯಲ್ಲಿ ಬೇಯಿಸುವ ಹಾಗಿಲ್ಲ. ನಾವಿಬ್ಬರೂ ಅಂಗಳದಲ್ಲಿ ಸಿಮೆಂಟಿನ ಚೀಲದ ಮೇಲೆ ಕುಳಿತಿರುವಾಗ ಮೇಲಿನಿಂದ ಆ ಅಜ್ಜಿ ಕೈಬೀಸಿ ಕರೆದರು.

ಮೆಟ್ಟಲುಗಳು ನಲವತ್ತೆರಡು. ನಮ್ಮ ಮನೆಯವರು ನಡುವೆ ಎರಡು ಸಲ ಗೋಡೆ ಹಿಡಿದು ನಿಂತರು. ಅವರ ಮೊಣಕಾಲು ಈಗ ಅಷ್ಟು ಒಳ್ಳೆಯದಲ್ಲ. ಮೇಲೆ ಕಿತ್ತಳೆ ಬಣ್ಣದ ಗ್ಯಾಸಿನ ಅಂಡೆಗೆ ಜೋಡಿಸಿದ ಹಳೆಯ ಒಲೆ ಉರಿಯುತ್ತಿದ್ದಿತು. ಮಾಂಸ ತಿನ್ನೆವೆಂದು ಸನ್ನೆಯಲ್ಲಿ ತಿಳಿಸಿದ ಮೇಲೆ ಕಡಲೆಯನ್ನೂ ಪಾಲಕ್ ಸೊಪ್ಪನ್ನೂ ಜೀರಿಗೆ ಬೆಳ್ಳುಳ್ಳಿ ಹಾಕಿ ಬೇಯಿಸಿದ, ಆ ಊರಿನದೇ ಆದ ವ್ಯಂಜನವನ್ನು ರೊಟ್ಟಿಯೊಡನೆ ಬಡಿಸಿದರು. ಗೋಡೆಯ ಮೇಲೆ ಪಂಚಾಂಗವೊಂದು ತೂಗುತ್ತಿದ್ದಿತು. ಜನವರಿಯಿಂದೀಚೆಗೆ ಅದರಲ್ಲಿ ಎರಡೇ ದಿನಗಳಿಗೆ ಕೆಂಪು ಸುತ್ತು. ನಾವು ಅದನ್ನು ನೋಡುತ್ತಿದ್ದುದನ್ನು ಕಂಡು ಅಜ್ಜಿ ಮೊದಲು ಮೆಟ್ಟಲ ಕಡೆಗೂ, ಆಮೇಲೆ ಎದೆಗೆ ಕೊಳವೆಯಿಟ್ಟು ನೋಡುವ ವೈದ್ಯನಂತೆಯೂ ಕೈ ತೋರಿಸಿದರು. ಆ ಎರಡು ದಿನ ಆಕೆ ಕೆಳಗಿಳಿದಿದ್ದರು. ನಮ್ಮ ಮನೆಯವರು ಇಳಿಯುವಾಗ ನಮ್ಮೊಡನೆ ಮಾತಾಡಲಿಲ್ಲ.

ಮೇ 1ರ ರಜೆಗೆ ಇನ್ನೆರಡು ದಿನ ಸೇರಿಸಿಕೊಂಡು ಮಗಳು ಬಂದಳು. ಚೀಲದಲ್ಲಿ ವಿರೋಧದ ಪತ್ರ ಸಿದ್ಧವಾಗಿದ್ದಿತು, ವಕೀಲರು ಬರೆದುಕೊಟ್ಟದ್ದು. “ಮೊದಲು ಮೇಲೆ ಹೋಗಿ ಅಜ್ಜಿಯ ಪಾತ್ರೆ ಕೊಟ್ಟು ಬಾರಮ್ಮ” ಎಂದಿಷ್ಟೇ ತಾಯಿ ಹೇಳಿದರು. ಅರ್ಧ ಗಂಟೆ ಕಳೆದು ಇಳಿದು ಬಂದವಳು ಅಂಗಳದ ನಡುವೆ ನಿಂತು ಬಹಳ ಹೊತ್ತು ಕಿಟಕಿಯನ್ನು ನೋಡಿದಳು. ಆ ವರುಷ ಸ್ಪೇನಿನ ಅನೇಕ ಪಟ್ಟಣಗಳಲ್ಲಿ ಮನೆ ಸಿಗದ ಜನರು ಬೀದಿಗಿಳಿದಿದ್ದರು. ಹೊರಗಿನವರು ಕೊಂಡು ಪ್ರವಾಸಿಗಳಿಗೆ ಬಾಡಿಗೆಗೆ ಬಿಡುವುದರ ಮೇಲೆ ಸಿಟ್ಟು ಬೆಳೆದಿದ್ದಿತು. ನೀವೂ ಹಾಗೆಯೇ ಮಾಡುವಿರಾ ಎಂದು ಅಜ್ಜಿ ಕೇಳಿದರಂತೆ. ಇಲ್ಲ, ನಾವೇ ಇರಲು ಬರುತ್ತೇವೆ ಎಂದಳಂತೆ.

ಪತ್ರ ಚೀಲದಲ್ಲಿಯೇ ಜರ್ಮನಿಗೆ ಹಿಂದಿರುಗಿತು. ಗಡುವು ಕಳೆಯಿತು. ಅಳಿಯನಿಗೆ ಇದು ಪೂರ್ತಿ ಒಪ್ಪಿಗೆಯಾಗಿದೆಯೆಂದು ನಾವು ಹೇಳಲಾರೆವು. ಬೆಳಕು ಹೋದ ಮನೆಯ ಬೆಲೆಯೂ ಇಳಿಯುವುದೆಂಬ ಆತನ ಮಾತು ಸುಳ್ಳಲ್ಲ. ಅಡುಗೆಯ ಮನೆಯನ್ನು ಓಣಿಯ ಕಡೆಗೆ ಸಾಗಿಸುವುದೆಂದು ನಿಶ್ಚಯವಾಯಿತು. ನಡುವಣ ಗೋಡೆ ಭಾರ ಹೊತ್ತದ್ದು, ಕೆಡವಕೂಡದೆಂದು ಶಿಲ್ಪಿಗಳು ಹೇಳಿದುದರಿಂದ ಅದು ಇಕ್ಕಟ್ಟಾಗಿಯೇ ಇರುವುದು. ತ್ರಿಯಾನದ ನೀಲಿ ಬಿಲ್ಲೆಯ ಹಣ ಲಿಫ್ಟಿನ ಪಾಲಿಗೆ ಹೋಯಿತು. ಮಾಯೆಸ್ತ್ರೊ ಹಳೆಯ ನೆಲದ ಬಿಲ್ಲೆಗಳಲ್ಲಿ ಒಡೆಯದವನ್ನು ಆರಿಸಿ ತೊಳೆದು ಜೋಡಿಸಿಟ್ಟನು. ಎಣಿಸಿದಾಗ ಅಡುಗೆಯ ಮನೆಗೆ ಹನ್ನೊಂದು ಕಡಮೆ ಬಂದುವು.

ನಾವು ವಿಮಾನ ಹತ್ತುವ ದಿನ ಅಂಗಳದ ಗೋಡೆಗೆ ಎರಡನೆಯ ಕೈ ಸುಣ್ಣ ಆಗಿದ್ದಿತು. ಇನ್ನೂ ಆರಿರಲಿಲ್ಲ. ನಮ್ಮ ಮನೆಯವರು ಮತ್ತೊಮ್ಮೆ ನಲವತ್ತೆರಡು ಮೆಟ್ಟಲು ಹತ್ತಿ, ಊರಿನಿಂದ ತಂದಿದ್ದ ಸಾರಿನ ಪುಡಿಯ ಉಳಿದ ಡಬ್ಬಿಯನ್ನು ಅಜ್ಜಿಗೆ ಕೊಟ್ಟು ಬಂದರು.