ಪರದೆ ನಿಜ ಹೇಳಲಿ

ನಮ್ಮ ಭೂಸನೂರಿನಲ್ಲಿ ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ ನನ್ನ ಫೋಟೊ ಸ್ಟುಡಿಯೊದ ಹಂಗಾಮು ಶುರು. ಹೊತ್ತು ಮುಳುಗುವಾಗ ಸಕ್ಕರೆ ಕಾರ್ಖಾನೆ ಕಡೆಯ ಕೆಂಪು ಮುಗಿಲ ಮುಂದೆ ಮದುಮಕ್ಕಳನ್ನು ನಿಲ್ಲಿಸಿದ ಚಿತ್ರ ಎಲ್ಲರಿಗೂ ಬೇಕು. ಮೊನ್ನೆ ಅಂಥದ್ದೊಂದನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಮದುಮಗನ ಅಕ್ಕ, "ಅಣ್ಣಾ, ಮುಗಲಾಗ ಇವೇನ್ ಪಟ್ಟಿ ಪಟ್ಟಿ ಬಂದಾವ?" ಎಂದರು. ಕ್ಯಾಮೆರಾದ ತಪ್ಪಲ್ಲ. ಡಬ್ಬಿಯ ಮೇಲೆ 1.67 ಕೋಟಿ ಬಣ್ಣ ಎಂದು ಅಚ್ಚಾಗಿದ್ದರೂ ಒಳಗಿನ ಪರದೆಗೆ ಅಷ್ಟು ಶಕ್ತಿಯಿಲ್ಲ.

ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 8 ಬಿಟ್ ಇದ್ದರೆ ತಲಾ 256 ಛಾಯೆ, ಬೆರೆಸಿದರೆ 1,67,77,216 ಬಣ್ಣ. ಅಗ್ಗದ ಎಷ್ಟೋ ಪ್ಯಾನಲ್ಲುಗಳಲ್ಲಿ ಇರುವುದು 6 ಬಿಟ್: ತಲಾ 64 ಛಾಯೆ, ಒಟ್ಟು 2,62,144. ನಡುವಿನ ಛಾಯೆ ಬೇಕಾದಾಗ ಅಕ್ಕಪಕ್ಕದ ಎರಡನ್ನು ಸರಸರ ಅದಲುಬದಲು ಮಾಡಿ ಕಣ್ಣಿಗೆ ಮಂಕುಬೂದಿ ಎರಚುತ್ತವೆ.

ಕಡಿಮೆ ಬಣ್ಣವಿರುವುದು ನಾಚಿಕೆಯ ವಿಷಯವಲ್ಲ. ಕಂಪ್ಯೂಟರಿನಲ್ಲಿ ಪರದೆಗೆ ಚಿತ್ರ ಒದಗಿಸುತ್ತಿದ್ದ 1987ರ ವಿಜಿಎ ಕಾರ್ಡಿನ ಮೆಮರಿ 256 ಕೆಬಿ. 640x480 ಚುಕ್ಕೆಗಳಿಗೆ 256 ಬಣ್ಣ ಹಚ್ಚಲು 300 ಕೆಬಿ ಬೇಕು, ಹಾಗಾಗಿ 16ಕ್ಕೇ ತೃಪ್ತಿ. 320x200ಕ್ಕೆ ಇಳಿದರೆ 256 ಸಿಗುತ್ತಿದ್ದವು. ಆ 256 ಯಾವುವು ಎಂದು ಬರೆದಿಟ್ಟ ಪಟ್ಟಿಯೇ ಕಲರ್ ಟೇಬಲ್. ಪಟ್ಟಿ ಒಂದೇ, ಪ್ರೋಗ್ರಾಮು ಹಲವು. ಒಂದು ಕಿಟಕಿ ತನ್ನ ಬಣ್ಣ ತುಂಬಿಕೊಂಡರೆ ಪಕ್ಕದ ಕಿಟಕಿಯ ಮುಖಗಳೆಲ್ಲ ಹಸಿರು! ಆಳಂದದಲ್ಲಿ ಕಂಪ್ಯೂಟರ್ ಕಲಿಯುವಾಗ ಅದನ್ನು ನೋಡಿ ನಗುತ್ತಿದ್ದೆವು.

ಅದೇ 1987ರಲ್ಲಿ ಅಮೆರಿಕದ ಎಂಐಟಿಯಿಂದ ಬಂದ, ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಎಕ್ಸ್11 ಎಂಬ ತಂತ್ರಾಂಶ ಈ ಗೋಜಲನ್ನು ಮರ್ಯಾದೆಯಿಂದ ಬಿಡಿಸಿತ್ತು. ಪ್ರೋಗ್ರಾಮು ಯಂತ್ರದ ಬಿಟ್ ಲೆಕ್ಕ ಇಟ್ಟುಕೊಳ್ಳಬೇಕಿಲ್ಲ. 0ಯಿಂದ 65,535ರವರೆಗಿನ ಅಳತೆಯಲ್ಲಿ ಬೇಕಾದ ಬಣ್ಣ ಕೇಳಿದರೆ ಸಾಕು. ಎಕ್ಸ್ ಹತ್ತಿರದ ಬಣ್ಣ ಕೊಡುತ್ತದೆ. ಜೊತೆಗೆ, ಕಬ್ಬಿನ ಗಾಡಿಗೆ ತೂಕದ ಚೀಟಿ ಕೊಟ್ಟ ಹಾಗೆ, ನಿಜವಾಗಿ ಕೊಟ್ಟದ್ದೆಷ್ಟು ಎಂಬುದನ್ನೂ ತಿಳಿಸುತ್ತದೆ. ಪರದೆಗೆ ಚಿತ್ರ ಕಳಿಸುವ ತಂತ್ರಾಂಶವಾದ ಡ್ರೈವರಿಗೂ ಪ್ರೋಗ್ರಾಮಿಗೂ ನಡುವಿನ ವ್ಯವಹಾರ ಹೀಗಿರಬೇಕು.

ಈಗಲೂ ದಾರಿ ಮುಚ್ಚಿಲ್ಲ. ಪರದೆ ತನ್ನ ಗುಣಲಕ್ಷಣ ಹೇಳಿಕೊಳ್ಳುವ ಇಡಿಐಡಿ ಎಂಬ ಕಡತದಲ್ಲಿ 2006ರ 1.4ನೇ ಆವೃತ್ತಿಯಿಂದ ಬಿಟ್ ಸಂಖ್ಯೆಗೆಂದೇ ಜಾಗವಿದೆ. ಆದರೆ ಕಣ್ಕಟ್ಟಿನ ಛಾಯೆಯನ್ನೂ ಲೆಕ್ಕಕ್ಕೆ ಸೇರಿಸಿ 8 ಎಂದು ಬರೆದರೆ ಡ್ರೈವರ್ ಪಾಪ ಏನು ಮಾಡೀತು? ಅಸಲಿ ಬಿಟ್ ಎಷ್ಟು, ಕಣ್ಕಟ್ಟು ಎಷ್ಟು ಎಂಬುದು ಆ ಕಡತದಲ್ಲೂ ಡಬ್ಬಿಯ ಮೇಲೂ ಬೇರೆಬೇರೆಯಾಗಿ ಬರಲೇಬೇಕು. ಕಾಸು ಕೊಡುವವನಿಗೆ ಅದು ಗೊತ್ತಿರಬೇಕು.

ಅಲ್ಲಿಯತನಕ ಲ್ಯಾಪ್‌ಟಾಪ್ ಕೊಳ್ಳುವವರು ಅಂಗಡಿಯಲ್ಲೇ ಕಪ್ಪಿನಿಂದ ಬಿಳುಪಿಗೆ ಹರಿಯುವ ಒಂದು ಚಿತ್ರವನ್ನು ಪರದೆ ತುಂಬ ತೆರೆದು ನೋಡಿ. ಮೆಟ್ಟಿಲು ಕಂಡರೆ ಬೇರೆ ಮಾದರಿ ತೋರಿಸಲು ಹೇಳಿ.