ಒಲೆಯ ಹೊಗೆಗೆ ಲೆಕ್ಕ ಕೊಡುವವರು ಯಾರು?

2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್ ಎಂಬ ಹಳ್ಳಿಗೆ ಕರೆಂಟ್ ಬಂತು. ದೇಶದಲ್ಲಿ ಇನ್ನು ವಿದ್ಯುತ್ ಕಾಣದ ಹಳ್ಳಿ ಒಂದೂ ಇಲ್ಲ ಎಂದು ಸಾರಲಾಯಿತು. ಸಂತೋಷದ ಸುದ್ದಿಯೇ. ಆದರೆ ಆ ಲೆಕ್ಕದ ನಿಯಮ ಎಷ್ಟು ಜನಕ್ಕೆ ಗೊತ್ತಿತ್ತು? ಶಾಲೆ, ಪಂಚಾಯಿತಿ ಕಚೇರಿಯಂಥ ಕಡೆಗೆ ತಂತಿ ಎಳೆದು, ಊರಿನ ನೂರು ಮನೆಗಳಲ್ಲಿ ಹತ್ತಕ್ಕೆ ಸಂಪರ್ಕ ಕೊಟ್ಟರೆ ಇಡೀ ಊರಿಗೆ ಬೆಳಕು ಬಂದಂತೆ! ಮನೆಮನೆಗೂ ಕರೆಂಟ್ ಕೊಡುವ ಸೌಭಾಗ್ಯ ಯೋಜನೆಯಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಮನೆಗಳಿಗೆ ಮೀಟರ್ ಕೂತಿತು. ಆ ಕೆಲಸವನ್ನು ಮೆಚ್ಚಲೇಬೇಕು. ಆದರೂ ತಂತಿ ಮುಟ್ಟಿತೇ, ಮೀಟರ್ ಕೂತಿತೇ, ಸಿಲಿಂಡರ್ ತಲುಪಿತೇ ಎಂದಷ್ಟೇ ಎಣಿಸಿ ಸುಮ್ಮನಾಗುವ ಅಭ್ಯಾಸ ನಮ್ಮನ್ನು ಬಿಟ್ಟಿಲ್ಲ. ಅದರ ಪೂರ್ತಿ ಬೆಲೆ ತೆರುತ್ತಿರುವುದು ಅಡುಗೆಮನೆ.

ಮಲೆನಾಡಿನ ಆಷಾಢದಲ್ಲಿ ಯಾವುದಾದರೂ ಕೂಲಿಯವರ ಮನೆಯ ಒಳಗೆ ಹೋಗಿ ನೋಡಿ. ಸೌದೆ ಹಸಿ. ಊದುಗೊಳವೆಗೆ ಬಾಯಿಟ್ಟು ಊದಿ ಊದಿ ಮನೆಯಾಕೆಯ ಕಣ್ಣು ಕೆಂಡವಾಗಿರುತ್ತದೆ. ಜಂತೆಯಿಂದ ಇಲ್ಲಣ ಜೋತಾಡುತ್ತಿರುತ್ತದೆ. ಸೊಂಟದ ಮೇಲಿನ ಕೂಸು ಅಮ್ಮ ಎಳೆದ ಉಸಿರನ್ನೇ ಎಳೆಯುತ್ತದೆ. ಅದೇ ಅಡುಗೆಮನೆಯ ಮೂಲೆಯಲ್ಲಿ, ಹಳೆ ಸೀರೆಯ ತುಂಡು ಹೊದ್ದು, ಬಡವರಿಗೆ ಗ್ಯಾಸ್ ಕೊಡುವ ಉಜ್ವಲ ಯೋಜನೆಯ ಸಿಲಿಂಡರ್ ಕೂತಿರುತ್ತದೆ. ನೆಂಟರು ಬಂದಾಗ ಚಹಾಕ್ಕೆ, ಮನೆಯಲ್ಲಿ ಬಾಣಂತಿ ಇದ್ದರೆ ಹಾಲು ಕಾಯಿಸುವುದಕ್ಕೆ ಅದು. ಅನ್ನ, ಸಾರು, ಮುದ್ದೆ ಎಲ್ಲಾ ಸೌದೆಯ ಮೇಲೆ.

2016ರ ಮೇ ತಿಂಗಳಲ್ಲಿ ಶುರುವಾದ ಉಜ್ವಲ ಈಗ 10 ಕೋಟಿ ಮನೆ ದಾಟಿದೆ. ಆ ಮನೆಗಳು ವರ್ಷಕ್ಕೆ ತುಂಬಿಸುವುದು ಸರಾಸರಿ ನಾಲ್ಕು ಚಿಲ್ಲರೆ ಸಿಲಿಂಡರ್. ಮೂರು ಹೊತ್ತೂ ಗ್ಯಾಸಿನಲ್ಲೇ ಬೇಯಿಸುವ ಸಂಸಾರಕ್ಕೆ ಇದು ಇಡೀ ವರ್ಷಕ್ಕೆ ಸಾಲದು. ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಸಿಲಿಂಡರ್ ಬಾಗಿಲಿಗೆ ಬಂದಾಗ ಎಂಟುನೂರಕ್ಕೂ ಹೆಚ್ಚು ರೂಪಾಯಿಯನ್ನು ಒಟ್ಟಿಗೇ ಎಣಿಸಬೇಕು. ಸಬ್ಸಿಡಿ ಆಮೇಲೆ ಖಾತೆಗೆ ಬರುತ್ತದೆ. ವಾರದ ಬಟವಾಡೆಯಲ್ಲಿ ಬದುಕುವವಳ ಕೈಯಲ್ಲಿ ಅಷ್ಟು ದುಡ್ಡು ಒಮ್ಮೆಗೇ ಎಲ್ಲಿಂದ ಬರಬೇಕು? ಅವಳಿಗೆ ಗ್ಯಾಸಿನ ಮಹತ್ವ ತಿಳಿದಿಲ್ಲ, ಅರಿವು ಮೂಡಿಸಬೇಕು ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೊಗೆಯ ಅರಿವು ಅವಳ ಎದೆಯೊಳಗೇ ಇದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಶುದ್ಧ ಇಂಧನದಲ್ಲಿ ಅಡುಗೆ ಮಾಡುತ್ತಿದ್ದ ಮನೆಗಳು ಶೇ. 43ರಷ್ಟು ಮಾತ್ರ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರಲ್ಲಿ ಐದು ವರ್ಷ ತುಂಬದ ಮಕ್ಕಳೇ 2 ಲಕ್ಷಕ್ಕೂ ಹೆಚ್ಚು. ಇಷ್ಟು ಸಾವು ಬೇರೆ ಯಾವ ಕಾರಣಕ್ಕೆ ಆಗಿದ್ದರೂ ದೊರೆಗಳು ತುರ್ತುಸಭೆ ಕರೆಯುತ್ತಿದ್ದರು.

ಇದನ್ನು ಮೊದಲೇ ಕಂಡವರು ನಮ್ಮಲ್ಲೇ ಇದ್ದರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿ ಹಳ್ಳಿಗಳಿಗಾಗಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಅವರ ತಂಡ ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಕೂತು ಯಾರು ಎಷ್ಟು ಸೌದೆ ತರುತ್ತಾರೆ, ನೀರಿಗೆ ಎಷ್ಟು ಹೊತ್ತು ಹೋಗುತ್ತದೆ ಎಂದು ಮನೆಮನೆಯಲ್ಲಿ ಕೇಳಿತು. ಕಡಿಮೆ ಸೌದೆಯಲ್ಲಿ ಉರಿದು ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಅಸ್ತ್ರ ಒಲೆ ಹುಟ್ಟಿದ್ದು ಆ ಕೇಂದ್ರದಲ್ಲೇ. ಪುರ ಎಂಬ ಪುಟ್ಟ ಊರಿನಲ್ಲಿ ಸಗಣಿ ಗ್ಯಾಸಿನಿಂದ ಎಲ್ಲರ ಅಡುಗೆ ಮಾಡಿಸಲು ಹೊರಟರು, ಸಗಣಿ ಸಾಲಲಿಲ್ಲ. ಅಲ್ಲಿಗೇ ಕೈಬಿಡದೆ ಊರಿನವರೊಂದಿಗೆ ಕೂತು, ಅದೇ ಗ್ಯಾಸಿನಲ್ಲಿ ಎಂಜಿನ್ ಓಡಿಸಿ 1987ರಿಂದ ಮನೆಗಳಿಗೆ ದೀಪ, ಬೀದಿ ನಲ್ಲಿಗೆ ನೀರು ಕೊಟ್ಟರು. ಜನಕ್ಕೆ ಬೇಕಾದದ್ದು ಬೆಂದ ಅನ್ನ, ದೀಪ, ನೀರು. ಅದು ಸಿಕ್ಕಿತೋ ಇಲ್ಲವೋ ಅಷ್ಟನ್ನೇ ಅಳೆಯಿರಿ ಎಂಬುದು ರೆಡ್ಡಿಯವರ ಹಟ. ಅರ್ಧ ಶತಮಾನವಾದರೂ ನಮ್ಮ ಸರ್ಕಾರಿ ಕಡತಗಳು ಆ ಅಳತೆಗೋಲನ್ನು ಕೈಗೆತ್ತಿಕೊಂಡಿಲ್ಲ.

ನಮ್ಮ ಕರ್ನಾಟಕದ ಗೃಹಜ್ಯೋತಿ ಯೋಜನೆಯನ್ನೇ ನೋಡಿ. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ. ಆದರೆ ಯಾರಿಗೆ ಎಷ್ಟು ಎಂಬುದು ಹಿಂದಿನ ಬಳಕೆಯ ಸರಾಸರಿಯ ಮೇಲೆ ನಿಂತಿದೆ. ಫ್ರಿಜ್, ಗೀಸರ್ ಇದ್ದವರ ಸರಾಸರಿ ಮೊದಲೇ ಎತ್ತರದಲ್ಲಿತ್ತು. ಎರಡು ಬಲ್ಬು, ಒಂದು ಫ್ಯಾನಿನಲ್ಲಿ ಕಾಲ ಹಾಕಿದವಳ ಸರಾಸರಿ ಮೂವತ್ತೋ ನಲವತ್ತೋ. ಅವಳು ಇಂಡಕ್ಷನ್ ಒಲೆ ತಂದು ಅನ್ನಕ್ಕಿಟ್ಟರೆ ಮಿತಿ ಮೀರಿದಷ್ಟಕ್ಕೂ ಬಿಲ್ಲು ಕಟ್ಟಬೇಕು. ಬಡತನದಲ್ಲಿ ಕಡಿಮೆ ಬಳಸಿದ್ದೇ ಅವಳ ತಪ್ಪಾಯಿತು! ಯೋಜನೆ ಬೇಡ ಎನ್ನುತ್ತಿಲ್ಲ. ಒಲೆಯ ಪಾಲನ್ನೂ ಅದರೊಳಗೆ ಸೇರಿಸಿ ಎನ್ನುತ್ತಿದ್ದೇನೆ.

ಕರೆಂಟ್ ಇದ್ದೂ ಬಡವರ ಮನೆ ಮುಟ್ಟದ ಕಥೆ ಹೊಸದಲ್ಲ, ನಮ್ಮೊಬ್ಬರದೂ ಅಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟ್ ದಾರಿಯ ಹಳ್ಳಿಗಳ ತಲೆಯ ಮೇಲೆ ಹಾದು ಕೋಲಾರದ ಚಿನ್ನದ ಗಣಿ ಸೇರಿತು. ಎಂಟು ದಶಕದ ಬಳಿಕ ಆಫ್ರಿಕಾದ ಕಾಂಗೋದಲ್ಲಿ ಇಂಗಾ ಅಣೆಕಟ್ಟಿನ ಕರೆಂಟ್ ಸುಮಾರು 1,700 ಕಿ.ಮೀ. ಓಡಿ ತಾಮ್ರದ ಗಣಿ ಮುಟ್ಟಿತು. ನಡುವಿನ ಊರುಗಳಲ್ಲಿ ಇಳಿಸಿಕೊಳ್ಳಲಾಗದ ತಂತಿ ಅದು. ಇತ್ತ ನಮ್ಮಲ್ಲಿ, ನಾಡಿಗೆಲ್ಲ ಬೆಳಕು ಕೊಡಲು ಮನೆ-ಗದ್ದೆ ಮುಳುಗಿಸಿಕೊಂಡ ಶರಾವತಿ ಕಣಿವೆಯವರಲ್ಲಿ ಎಷ್ಟೋ ಕುಟುಂಬಗಳು ವರ್ಷಗಟ್ಟಲೆ ಚಿಮಣಿ ಬುಡ್ಡಿಯಲ್ಲೇ ಬದುಕಿದವು. ಇಂದಿಗೂ ಸಹಾರಾದ ದಕ್ಷಿಣಕ್ಕೆ ಸುಮಾರು 60 ಕೋಟಿ ಜನಕ್ಕೆ ವಿದ್ಯುತ್ತಿಲ್ಲ. ಜಗತ್ತಿನಲ್ಲಿ ಸುಮಾರು 200 ಕೋಟಿ ಜನ ಸೌದೆ, ಇದ್ದಿಲು, ಬೆರಣಿ, ಸೀಮೆಎಣ್ಣೆಯನ್ನೇ ನಂಬಿದ್ದಾರೆ. 2024ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ದೇಶಗಳೂ ಕಂಪನಿಗಳೂ ಸೇರಿ ಆಫ್ರಿಕಾದ ಒಲೆಗಳಿಗೆ 220 ಕೋಟಿ ಡಾಲರ್ ಕೊಡುವ ಮಾತು ಕೊಟ್ಟವು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಆಗಿನ ಅಂದಾಜಿನಲ್ಲಿ ಅಲ್ಲಿಗೆ ಬೇಕಿದ್ದುದು ವರ್ಷವರ್ಷವೂ 400 ಕೋಟಿ ಡಾಲರ್. ಗ್ಯಾಸೂ ಭೂಮಿಯಡಿಯ ಇಂಧನವೇ, ಹವಾಮಾನಕ್ಕೆ ಕೇಡು ಎಂದು ಬಡವರಿಗೆ ಪಾಠ ಹೇಳುವ ಶ್ರೀಮಂತ ದೇಶಗಳು ಮೊದಲು ತಮ್ಮ ಕಾರು, ವಿಮಾನಗಳ ಲೆಕ್ಕ ಕೊಡಲಿ. ಭೂಮಿ ಉಳಿಸುವ ಹೊರೆಯನ್ನು ಕೆಮ್ಮುತ್ತಿರುವ ತಾಯಿಯ ತಲೆಗೆ ಹೊರಿಸುವುದು ಅನ್ಯಾಯ.

ಮನಸ್ಸು ಮಾಡಿದರೆ ಆಗುತ್ತದೆ. 2015ರಲ್ಲಿ ಗ್ಯಾಸ್ ಸಬ್ಸಿಡಿ ಬಿಟ್ಟುಕೊಡಿ ಎಂದು ಸರ್ಕಾರ ಕೇಳಿದಾಗ ಒಂದು ಕೋಟಿ ಮನೆಗಳು ಬಿಟ್ಟುಕೊಟ್ಟವು. ಅವರಲ್ಲಿ ನೀವೂ ಇರಬಹುದು. ಈಗ ಕೇಳುತ್ತಿರುವುದು ಅದಕ್ಕಿಂತ ಕಷ್ಟದ್ದು, ನಿಮ್ಮ ದನಿ. ಸಬ್ಸಿಡಿ ಕಳೆದ ದುಡ್ಡನ್ನಷ್ಟೇ ಬಾಗಿಲಲ್ಲಿ ಕೇಳುವಂತಾಗಲಿ. ಐದು ಕೆಜಿಯ ಸಣ್ಣ ಸಿಲಿಂಡರ್ ಹಳ್ಳಿ ಅಂಗಡಿಯಲ್ಲೇ ಸಿಗಲಿ. ಅಡುಗೆಯ ಹೊತ್ತಿಗೆ ಕರೆಂಟ್ ತೆಗೆಯದಿರಲಿ. ಗ್ಯಾಸ್ ಮುಟ್ಟದ ಕಡೆ ಅಸ್ತ್ರ ಒಲೆ ಕಟ್ಟಬಲ್ಲ ಕೈಗಳಿಗೆ ಪಂಚಾಯಿತಿ ಕೂಲಿ ಕೊಡಲಿ. ನಿಮ್ಮ ಮನೆ ಕೆಲಸಕ್ಕೆ, ತೋಟದ ಕೆಲಸಕ್ಕೆ ಬರುವ ಅಕ್ಕನನ್ನು ಇವತ್ತೇ ಕೇಳಿ: ಈ ವರ್ಷ ಸಿಲಿಂಡರ್ ಎಷ್ಟು ಸಲ ತುಂಬಿಸಿದಿರಿ? ಅವರು ಹೇಳಿದ ಸಂಖ್ಯೆಯನ್ನು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆಯುವವರೆಗೂ ಕೂರಬೇಡಿ.